ಛತ್ರಿ ಇಳಿಸಿ ನಿಂತ ಸಂಜೆ

ಹೆಣ್ಣುಮಕ್ಕಳು ಒಂದಿಷ್ಟು ವರಸೆ ಕಲಿತುಬಿಟ್ಟರೆ ಆಮೇಲೆ ಯಾರ ಭಯವೂ ಇಲ್ಲ ಎಂದು ಈಗ ಯಾರಾದರೂ ಹೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಕಲಿಯಲಿ, ಬೇಡವೆಂದವರು ಯಾರು? ನಾನೂ ಕಲಿತವಳೇ. ನನ್ನ ಎಡಹುಬ್ಬಿನ ಮೇಲೆ ಈಗಲೂ ಒಂದು ಗೆರೆ ಇದೆ. ಅದು ಕಲಿಯದೆ ಆದ ಗಾಯವಲ್ಲ, ಚೆನ್ನಾಗಿ ಕಲಿತದ್ದರಿಂದ ಆದದ್ದು.

ಅಪ್ಪ ಹುಬ್ಬಳ್ಳಿಯವರು, ರೈಲ್ವೆಯಲ್ಲಿ ಗುಮಾಸ್ತರು. ವರ್ಗವಾಗಿ ಮದರಾಸಿಗೆ ಬಂದು ನಾವು ತಾಂಬರಂ ಕ್ವಾರ್ಟರ್ಸಿನಲ್ಲಿ ಸೇರಿಕೊಂಡಾಗ ನಾನಿನ್ನೂ ಲಂಗ ತೊಡುವ ಹುಡುಗಿ. ಗರಡಿಮನೆಯ ಮಣ್ಣು ಮೈಗೆ ಹತ್ತಿದ್ದ ಅಪ್ಪನಿಗೆ ಗಂಡುಮಕ್ಕಳಿರಲಿಲ್ಲ. ಆ ಕೊರಗನ್ನು ನನ್ನ ಮೇಲೆ ತೀರಿಸಿಕೊಂಡರು. ಸ್ಟೇಷನ್ನಿನ ಆಚೆಗೆ ಸೌದೆ ಡಿಪೋ ಇಟ್ಟಿದ್ದ ಒಬ್ಬರು ಬೆಳಗಿನ ಹೊತ್ತು ಡಿಪೋದ ಅಂಗಳದಲ್ಲಿ ಸಿಲಂಬಂ ಹೇಳಿಕೊಡುತ್ತಿದ್ದರು. ನಮ್ಮ ಕಡೆ ದೊಣ್ಣೆವರಸೆ ಎನ್ನುತ್ತಾರಲ್ಲ, ತಮಿಳರ ಕೈಯಲ್ಲಿ ಅದು ಸಿಲಂಬಂ. ಅಪ್ಪ ನನ್ನನ್ನು ಅಲ್ಲಿಗೆ ಸೇರಿಸಿದ ದಿನ ಅಮ್ಮ ಹಣೆ ಹಣೆ ಚಚ್ಚಿಕೊಂಡಳು.

ಅವರನ್ನು ಎಲ್ಲರೂ ವಾತ್ಯಾರ್ ಎನ್ನುತ್ತಿದ್ದರು, ಮೇಷ್ಟ್ರು ಎಂದ ಹಾಗೆ. ಮೀಸೆಯ ಮೇಲೆ ವಿಪರೀತ ಪ್ರೀತಿ. ಕೋಲು ತಿರುಗಿಸಲು ನಿಂತರೆ ಮಾತ್ರ ಆ ಮನುಷ್ಯನ ಬಲಗೈ ನೋಡಲು ಎರಡು ಕಣ್ಣು ಸಾಲದು. ಅವರ ಅಂಗಳದಲ್ಲಿ ಒಂದು ಕಟ್ಟಳೆ ಇತ್ತು. ಆಟಕ್ಕೆ ಮುಂಚೆ ಕೋಲಿನ ತುದಿಗೆ ಒದ್ದೆ ಬೂದಿ ಹಚ್ಚುವುದು. ಎದುರಾಳಿಯನ್ನು ಹೊಡೆಯುವ ಹಾಗಿಲ್ಲ, ಮುಟ್ಟಿದರೆ ಸಾಕು, ಬೂದಿಯ ಗುರುತು ಬೀಳುತ್ತದೆ. ಮುಟ್ಟಿದವರು ಒಂದು ಹೆಜ್ಜೆ ಹಿಂದೆ ಸರಿದು ಕೋಲು ಇಳಿಸಬೇಕು. ಮುಟ್ಟಿಸಿಕೊಂಡವರು ‘ತಾಗಿತು’ ಎಂದು ತಾವೇ ಒಪ್ಪಿಕೊಳ್ಳಬೇಕು. ತೀರ್ಪು ಹೇಳಲು ಮೂರನೆಯವರು ಇರುತ್ತಿರಲಿಲ್ಲ. ಮುಟ್ಟಿದ ಮೇಲೂ ಕೋಲು ಎತ್ತಿಕೊಂಡೇ ನಿಂತವರಿಗೆ ವಾತ್ಯಾರಿಂದ ಬೈಗುಳ ತಪ್ಪುತ್ತಿರಲಿಲ್ಲ. ನಾನು ದೊಡ್ಡವಳಾದೆ, ಅಮ್ಮ ಹಟ ಹಿಡಿದು ಬಿಡಿಸಿದಳು. ಅಷ್ಟರಲ್ಲಿ ಮುಟ್ಟುವುದು, ಸರಿಯುವುದು, ಇಳಿಸುವುದು ನನಗೆ ಉಸಿರಾಡಿದಷ್ಟು ಸಲೀಸಾಗಿತ್ತು.

ಅರವತ್ತರ ದಶಕದ ಮೊದಲಿಗೆ ಮದರಾಸು ಪೇಟೆಯ ಪ್ಯಾರೀಸ್ ಕಾರ್ನರಿನ ಒಂದು ವಿಮೆ ಕಚೇರಿಯಲ್ಲಿ ನನಗೆ ಟೈಪಿಸ್ಟ್ ಕೆಲಸ ಸಿಕ್ಕಿತು. ಅಪ್ಪ ಒಂದು ಮಾತು ಹೇಳಿಯೇ ಕಳಿಸಿದ್ದರು: ಹೊರಗೆ ಏನಾದರೂ ಹೆಚ್ಚುಕಡಿಮೆಯಾದರೆ ಅವತ್ತಿಗೇ ಕೆಲಸ ಬಿಡಬೇಕು. ನಾನು ಹೂಂ ಎಂದಿದ್ದೆ. ಆ ಕೆಲಸ ಎಂದರೆ ನನಗೆ ಪ್ರಾಣ. ಬೆಳಿಗ್ಗೆ ಎಲೆಕ್ಟ್ರಿಕ್ ರೈಲಿನಲ್ಲಿ ಕಿಟಕಿ ಪಕ್ಕ ಕೂತರೆ ನಾನು ಯಾರ ಮಗಳೂ ಅಲ್ಲ, ಯಾರಿಗೋ ತೋರಿಸಲು ಸಿಂಗರಿಸಿದ ಹೆಣ್ಣೂ ಅಲ್ಲ ಎನಿಸುತ್ತಿತ್ತು.

ಒಬ್ಬ ಗಂಡಸು ಕೆಲವು ದಿನಗಳಿಂದ ನನ್ನ ಹಿಂದೆ ಬೀಳುತ್ತಿದ್ದ. ರೌಡಿಯ ಹಾಗೇನೂ ಇರಲಿಲ್ಲ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಊಟದ ಚೀಲ, ಯಾರದೋ ಮನೆಯ ಯಜಮಾನ. ಒಂದು ಸಂಜೆ, ಇನ್ನೂ ಬೆಳಕಿರುವಾಗಲೇ, ಸ್ಟೇಷನ್ನಿನಿಂದ ಕ್ವಾರ್ಟರ್ಸಿಗೆ ಹೋಗುವ ಗೋಡೆಯ ಪಕ್ಕದ ದಾರಿಯಲ್ಲಿ ಬಂದು ನನ್ನ ಮುಂಗೈ ಹಿಡಿದ. ನನ್ನ ಇನ್ನೊಂದು ಕೈಯಲ್ಲಿ ಮಡಿಸಿದ ಛತ್ರಿ ಇತ್ತು. ವರಸೆ ಬಿಟ್ಟು ಎಷ್ಟೋ ವರ್ಷವಾಗಿದ್ದರೂ ಕೈ ಮರೆತಿರಲಿಲ್ಲ. ಅವನ ಮಣಿಕಟ್ಟಿಗೆ ಒಂದು, ಹಿಡಿತ ಬಿಟ್ಟೊಡನೆ ಭುಜಕ್ಕೊಂದು. ಎಷ್ಟು ನಾಜೂಕಾಗಿ ತಾಗಿತು ಎಂದರೆ ವಾತ್ಯಾರ್ ನೋಡಿದ್ದರೆ ಮೀಸೆ ತಿರುವುತ್ತಿದ್ದರು. ಆಮೇಲೆ ನಾನು ಮಾಡಿದ್ದೇನು? ಒಂದು ಹೆಜ್ಜೆ ಹಿಂದೆ ಸರಿದೆ. ಛತ್ರಿ ಇಳಿಸಿ ನಿಂತೆ, ಅವನು ಸೋತೆ ಎಂದು ಒಪ್ಪಿಕೊಳ್ಳಲಿ ಎಂದು ಕಾಯುವವಳ ಹಾಗೆ.

ಅವನು ನಕ್ಕ. ಛತ್ರಿಯನ್ನು ಕಿತ್ತುಕೊಂಡು ಅದರ ಹಿಡಿಯಿಂದಲೇ ನನ್ನ ಮುಖಕ್ಕೆ ಬಾರಿಸಿದ. ಹುಬ್ಬು ಒಡೆದು ಕಣ್ಣಿಗೆಲ್ಲ ರಕ್ತ ಇಳಿಯಿತು. ಯಾರೋ ಬರುವ ಸದ್ದಾದ ಮೇಲೆ ಹೊರಟ. ಓಡಲಿಲ್ಲ ಆ ಪಾಪಿ, ನಡೆದುಕೊಂಡು ಹೋದ.

ಅಮ್ಮ ಅರಿಸಿನ ಒತ್ತಿ ಅಳುತ್ತ ಕೂತಳು. ಅಪ್ಪ ಎಲ್ಲವನ್ನೂ ಕೇಳಿ ಒಂದೇ ಮಾತು ಅಂದರು. “ನಾಳಿಂದ ಕೆಲಸಕ್ಕ ಹೋಗೂದು ಬ್ಯಾಡ.”

“ಅಂವಾ ನಾಳೆ ಕೆಲಸಕ್ಕ ಹೋಗತಾನಪಾ,” ಅಂದೆ. “ನಾ ಯಾಕ ಮನ್ಯಾಗ ಕೂಡ್ಲಿ?”

ಅಪ್ಪನ ಸಿಟ್ಟೆಲ್ಲ ವಾತ್ಯಾರ ಮೇಲೆ ತಿರುಗಿತು. ಮಾರನೆಯ ಬೆಳಿಗ್ಗೆ ನನ್ನನ್ನು ಡಿಪೋಕ್ಕೆ ಎಳೆದುಕೊಂಡು ಹೋಗಿ, ನೀವು ಕಲಿಸಿದ ವಿದ್ಯೆ ಇದೇನಾ ಎಂದು ತಮಿಳಿನಲ್ಲೇ ತರಾಟೆಗೆ ತೆಗೆದುಕೊಂಡರು. ವಾತ್ಯಾರ್ ಏನು ನಡೆಯಿತೆಂದು ನನ್ನ ಬಾಯಲ್ಲೇ ಹೇಳಿಸಿದರು. ಹಿಂದೆ ಸರಿದು ಛತ್ರಿ ಇಳಿಸಿದೆ ಎಂದಾಗ ಅವರ ಮುಖ ಕಪ್ಪಿಟ್ಟಿತು. ನಾನು ಕಲಿಸಿದ್ದು ಮರ್ಯಾದಸ್ಥರ ಆಟ, ಬೀದಿಯಲ್ಲಿ ಅದನ್ನು ಆಡಬೇಡ ಎಂದು ಹೇಳಲು ಮರೆತೆ ಎಂದರು. ಅಪ್ಪ, ಇನ್ನೇನು, ಮನೆಯಲ್ಲೇ ಇರುತ್ತಾಳೆ ಬಿಡಿ ಎಂದರು.

ವಾತ್ಯಾರ್ ಒಳಗಿನಿಂದ ಕೋಲು ತಂದು ನನ್ನ ಕೈಗಿತ್ತರು. ತಮ್ಮ ಬಲಗೈಯನ್ನು ಮುಂದಕ್ಕೆ ಚಾಚಿ, ಹೊಡೆ ಎಂದರು. ಗುರುವಿನ ಕೈ! ನಾನು ಮುಟ್ಟಿದೆ, ಅಷ್ಟೆ. ತಲೆಯಾಡಿಸಿದರು. ಮತ್ತೆ ಹೊಡೆಯಲು ಹೇಳಿದರು, ಮತ್ತೆ ಮುಟ್ಟಿದೆ. ನನಗೆ ಅಳು ಬರುತ್ತಿತ್ತು.

“ನಡಿ, ಮನೀಗೆ ಹೋಗೂಣು,” ಎಂದು ಅಪ್ಪ ತಿರುಗಿ ನಡೆಯತೊಡಗಿದರು.

ಅವರ ಬೆನ್ನು ನೋಡಿದೆ. ಈಗ ಇವರ ಹಿಂದೆ ಹೋದರೆ ಇನ್ನು ಜೀವಮಾನವೆಲ್ಲ ಯಾರದಾದರೂ ಬೆನ್ನು ನೋಡಿಕೊಂಡೇ ನಡೆಯಬೇಕು ಎನಿಸಿತು. ವಾತ್ಯಾರ್ ಮೆಲ್ಲಗೆ, ಮಗುವಿಗೆ ಉಣ್ಣು ಎಂದ ಹಾಗೆ, “ಅಡಿ, ಕಣ್ಣು,” ಎಂದರು. ಹೊಡಿ ಮಗಳೇ ಎಂದು.

ಹೊಡೆದೆ. ಸೌದೆ ಸೀಳಿದಂಥ ಸದ್ದಾಯಿತು. ಅಪ್ಪ ಓಡಿ ಬಂದರು. ವಾತ್ಯಾರ್ ನೆಲಕ್ಕೆ ಕುಸಿದು ಕೂತಿದ್ದರು, ಹಣೆಯ ತುಂಬ ಬೆವರು. ಹಲ್ಲು ಕಚ್ಚಿಕೊಂಡೇ ಅಪ್ಪನಿಗೆ ಹೇಳಿದರು, ಇವಳನ್ನು ಕೆಲಸಕ್ಕೆ ಕಳಿಸಿ ಸಾರ್, ಇನ್ನು ಹೆದರಬೇಡಿ ಎಂದು. ಅಪ್ಪನೇ ಅವರನ್ನು ಎಲುಬು ಕಟ್ಟುವವರ ಹತ್ತಿರ ಕರೆದುಕೊಂಡು ಹೋದರು. ದಾರಿಯುದ್ದಕ್ಕೂ ಅಪ್ಪನ ಕಣ್ಣಲ್ಲಿ ನೀರಿತ್ತಂತೆ. ಅದನ್ನು ವಾತ್ಯಾರೇ ಆಮೇಲೆ ನನಗೆ ಹೇಳಿದ್ದು.

ಎಲುಬು ಕೂಡಿತು. ಬೆರಳುಗಳನ್ನು ಮಾತ್ರ ಮೊದಲಿನ ಹಾಗೆ ಮಡಿಸಲು ಬರಲಿಲ್ಲ. ಆ ಕೈ ಮತ್ತೆ ಕೋಲು ತಿರುಗಿಸಲಿಲ್ಲ, ಅಂಗಳದ ಆಟವೂ ನಿಧಾನಕ್ಕೆ ನಿಂತಿತು. ನಾನು ಹುಬ್ಬಿಗೆ ಪಟ್ಟಿ ಹಾಕಿಕೊಂಡೇ ಕಚೇರಿಗೆ ಹೋದೆ, ನಿವೃತ್ತಿಯಾಗುವವರೆಗೂ ಹೋದೆ. ಆ ಊಟದ ಚೀಲದವನು ಮತ್ತೆ ಆ ದಾರಿಗೆ ಬರಲೇ ಇಲ್ಲ. ಅವನಂಥ ಇನ್ನೊಬ್ಬನ ಮೇಲೆ ಕೈಯೆತ್ತುವ ಪ್ರಸಂಗವೂ ನನಗೆ ಬರಲಿಲ್ಲ. ಇಷ್ಟು ದೊಡ್ಡ ಜೀವನದಲ್ಲಿ ನಾನು ನಿಜವಾಗಿ ಹೊಡೆದದ್ದು ಒಬ್ಬರನ್ನೇ, ನನಗೆ ಹೊಡೆಯಲು ಕಲಿಸಿದವರನ್ನು.