ನಡುಗದ ಪೆಡಲು

ಆರ್ವೊ ಕಂಗಾಸನ ಬಲಗಾಲಿನ ಬಗ್ಗೆ ನಮ್ಮೂರಲ್ಲಿ ಎರಡು ಮಾತಿರಲಿಲ್ಲ. ಮೂವತ್ತು ವರ್ಷ ಕೌಂಟಿಯ ಹಿಮ ತಳ್ಳುವ ಲಾರಿ ಓಡಿಸಿದ ಆಸಾಮಿ. ಸುಪೀರಿಯರ್ ಸರೋವರದ ಕಡೆಯಿಂದ ಗಾಳಿ ಎದ್ದು, ಸ್ವಂತ ಮನೆಯ ಟಪಾಲು ಡಬ್ಬಿಯೂ ಕಾಣದಂಥ ದಿನಗಳಲ್ಲಿ ಅವನೊಬ್ಬನೇ ಗಣಿ ಗುಡ್ಡದ ಇಳಿಜಾರಿನಲ್ಲಿ ಹತ್ತಿ ಇಳಿದು ಮಾಡುತ್ತಿದ್ದ. ಅಷ್ಟು ವರ್ಷಗಳಲ್ಲಿ ಒಂದು ಬೇಲಿ ಕಂಬಕ್ಕೂ ಲಾರಿ ತಾಗಿಸಿದವನಲ್ಲ. ನಿವೃತ್ತಿಯಾದ ಮೇಲೆ ಆ ಕಾಲಿಗೆ ಕೆಲಸ ತಪ್ಪಿತು, ಬಾಯಿಗೆ ಕೆಲಸ ಹೆಚ್ಚಿತು. ದಿನಾ ಬೆಳಗ್ಗೆ ಹುಲ್ಡಾಳ ಬೇಕರಿಗೆ ಬಂದು, ಏಲಕ್ಕಿ ಬ್ರೆಡ್ಡನ್ನು ಕಾಫಿಯಲ್ಲಿ ಅದ್ದಿಕೊಂಡು, ಪ್ರಪಂಚದಲ್ಲಿ ಯಾರಿಗೂ ಬ್ರೇಕು ಒತ್ತೋಕೆ ಬರಲ್ಲ ಅಂತ ಸಾಬೀತು ಮಾಡುವುದೇ ಅವನ ಹೊಸ ಕಸುಬು.

ಆಗ ಕಾರುಗಳಿಗೆ ಎಬಿಎಸ್ ಹೊಸದಾಗಿ ಬಂದಿತ್ತು. ಚಕ್ರ ಕಚ್ಚಿಕೊಂಡು ಜಾರದ ಹಾಗೆ ಬ್ರೇಕನ್ನು ತಾನೇ ಹಿಡಿದು ತಾನೇ ಬಿಡುವ ಡಬ್ಬಿ. ಅದು ಕೆಲಸ ಮಾಡುವಾಗ ಪೆಡಲು ಕಾಲಡಿಯಲ್ಲಿ ಗಡಗಡ ನಡುಗುತ್ತಿತ್ತು. ಬೇಕರಿಯ ಗಂಡಸರು ಆ ಒಂದು ಡಬ್ಬಿ ಇಟ್ಟುಕೊಂಡು ಮೂರು ಚಳಿಗಾಲ ಕಚ್ಚಾಡಿದರು ಅಂದರೆ ನಂಬಬೇಕು.

"ನನ್ನ ಕಾಲಿಗೆ ಗೊತ್ತಿಲ್ಲದ್ದು ಆ ಡಬ್ಬಿಗೇನೋ ಗೊತ್ತು?" ಅನ್ನುತ್ತಿದ್ದ ಆರ್ವೊ. "ಒತ್ತು, ಬಿಡು. ಒತ್ತು, ಬಿಡು. ನಮ್ಮಪ್ಪ ಹೆಪ್ಪುಗಟ್ಟಿದ ಕೆರೆ ಮೇಲೆ ಹೇಳಿಕೊಟ್ಟಿದ್ದು ಅಷ್ಟೇ."

ಕ್ಲಾರೆನ್ಸ್ ಬೋಶಾಂಪ್ ಸುಮ್ಮನಿರುವವನಲ್ಲ. ಶಾಲೆಯ ಬಾಯ್ಲರ್ ನೋಡಿಕೊಳ್ಳುತ್ತಿದ್ದವನು, ಆರ್ವೊನ ಹಳೇ ಗೆಳೆಯ, ಅಷ್ಟೇ ಹಳೇ ಎದುರಾಳಿ. "ನೀನು ಒಂದು ಸಲ ಒತ್ತಿ ಬಿಡೋದ್ರೊಳಗೆ ಅದು ಹತ್ತು ಸಲ ಒತ್ತಿ ಬಿಟ್ಟಿರುತ್ತೆ ಮಾರಾಯ. ಮೊನ್ನೆ ಜಿಂಕೆ ಅಡ್ಡ ಬಂತು. ಕಾಲೂರಿ ಹಿಡಿದೆ, ಸ್ಟೀರಿಂಗ್ ತಿರುಗಿಸಿದೆ, ಗಾಡಿ ಹೇಳಿದ ಮಾತು ಕೇಳ್ತು."

"ಅದು ಜಿಂಕೆ ಪುಣ್ಯ ಕಣೋ. ನಿನ್ನ ಡಬ್ಬಿದಲ್ಲ."

"ಮೆತ್ತನೆ ಹಿಮದಲ್ಲಿ ಅದು ದಂಡ," ಅಂತ ಮಧ್ಯೆ ಬಾಯಿ ಹಾಕುತ್ತಿದ್ದ ಸುಲೊ, ಮರದ ದಿಮ್ಮಿ ಲಾರಿ ಓಡಿಸುವವನು. "ಚಕ್ರ ಕಚ್ಚಿಕೊಂಡ್ರೆ ಮುಂದೆ ಹಿಮ ಗುಡ್ಡೆ ಬಿದ್ದು ಅದೇ ತಡೆಯುತ್ತೆ. ಇದು ಕಚ್ಚೋಕೇ ಬಿಡಲ್ವಲ್ಲ! ನನ್ನ ಪಿಕಪ್ಪು ಮನೆ ಬಾಗಿಲು ದಾಟಿ ದನದ ಕೊಟ್ಟಿಗೇಲಿ ಹೋಗಿ ನಿಂತಿತ್ತು."

"ದನಗಳು ನಿನ್ನ ಒಳಗೆ ಸೇರಿಸಿಕೊಂಡ್ವಾ?" ಅಂತ ಹುಲ್ಡಾ ಕಾಫಿ ಸುರಿಯುತ್ತಾ ಕೇಳಿದರೆ ಎಲ್ಲರೂ ನಗುವವರೇ.

ನಗು ಏನೇ ಇರಲಿ, ನಮ್ಮ ಕಡೆ ಒಂದು ಪದ್ಧತಿಯೇ ಬೆಳೆದುಬಿಟ್ಟಿತ್ತು. ನವೆಂಬರ್ ಕೊನೆಗೆ ಜಿಂಕೆ ಬೇಟೆ ಮುಗಿಸಿ ಕಾಡಿನಿಂದ ಬಂದ ಗಂಡಸರು ಬಂದೂಕು ಒರೆಸಿಟ್ಟು, ಪಿಕಪ್ಪಿನ ಬಾನೆಟ್ ಎತ್ತಿ, ಎಬಿಎಸ್‌ನ ಫ್ಯೂಸ್ ಕೀಳುವುದು. ಕಿತ್ತರೆ ಸ್ಟೀರಿಂಗ್ ಮುಂದೆ ಒಂದು ಹಳದಿ ದೀಪ ಹತ್ತಿಕೊಂಡೇ ಇರುತ್ತದಲ್ಲ, ಅದರ ಮೇಲೆ ಕಪ್ಪು ಟೇಪು ಅಂಟಿಸುವುದು. ವಸಂತದಲ್ಲಿ ಲೈಲಾಕ್ ಹೂ ಬಿಟ್ಟಾಗ ಫ್ಯೂಸ್ ವಾಪಸ್ಸು. ಕ್ಲಾರೆನ್ಸ್ ಒಬ್ಬ ಬಿಟ್ಟು ಬೇಕರಿಯವರೆಲ್ಲ ತಂತಮ್ಮ ಗಾಡಿಗೆ ಹೀಗೆ ಮಾಡುತ್ತಿದ್ದರು, ಜಂಬದಿಂದ ಹೇಳಿಕೊಳ್ಳುತ್ತಲೂ ಇದ್ದರು.

ಆರ್ವೊನ ಪಿಕಪ್ಪು ಓಬೀರಾಯನ ಕಾಲದ್ದು, ಅದಕ್ಕೆ ಎಬಿಎಸ್ಸೇ ಇರಲಿಲ್ಲ. ಇದ್ದದ್ದು ಅವನ ಹೆಂಡತಿ ಐಲಿಯ ಹೊಸ ಕಾರಿಗೆ. ಐಲಿ ವಾರದಲ್ಲಿ ನಾಲ್ಕು ದಿನ ಚರ್ಚಿನ ಅಡುಗೆಮನೆಯಿಂದ ಬಿಸಿ ಊಟದ ಡಬ್ಬಿ ತುಂಬಿಕೊಂಡು, ಹೊರಗೆ ಬರಲಾಗದ ಮುದುಕ ಮುದುಕಿಯರ ಮನೆಗೆ ಹಂಚಿ ಬರುತ್ತಿದ್ದಳು. ಒಬ್ಬರ ಮನೆಯಲ್ಲಿ ಒಲೆಗೆ ಸೌದೆ ಹಾಕಿಕೊಡುವಳು, ಇನ್ನೊಬ್ಬರಿಗೆ ಸೂಜಿಗೆ ದಾರ ಪೋಣಿಸಿಕೊಡುವಳು. ಅದೇ ಅವಳ ಜೀವ. ಗಂಡನ ಜೊತೆ ಮನೆಯಲ್ಲಿ ಕೂತರೆ ಬ್ರೇಕಿನ ಮಾತು ಕೇಳಬೇಕಲ್ಲ, ಪಾಪ.

ಆ ವರ್ಷ ನವೆಂಬರ್ ನಡುವಿಗೇ ರಸ್ತೆಯಲ್ಲಿ ಗಾಜಿನಂಥ ಮಂಜುಗಡ್ಡೆ ಕಟ್ಟಿತು. ಗಂಡಸರೆಲ್ಲ ಬೇಟೆಯ ಗುಡಿಸಲುಗಳಲ್ಲಿ. ಊಟ ಹಂಚುವವರಿಗೆಲ್ಲ ಅಂತ ಶೆರೀಫ್ ಕಚೇರಿಯ ಒಬ್ಬಳು ಹುಡುಗಿ ಶಾಲೆಯ ಖಾಲಿ ಬಯಲಲ್ಲಿ ಪಾಠ ಮಾಡಿದಳು. "ಅಜ್ಜಿ, ಒತ್ತಿ ಬಿಡೋದು ಹಳೇ ಕಾಲ. ಪೂರ್ತಿ ಒತ್ತಿ, ಬಿಡಬೇಡಿ. ಪೆಡಲು ನಡುಗುತ್ತೆ, ಹೆದರಬೇಡಿ. ಸ್ಟೀರಿಂಗ್ ಎತ್ತ ಬೇಕೋ ಅತ್ತ ತಿರುಗಿಸಿ." ಐಲಿ ತನ್ನದೇ ಕಾರಿನಲ್ಲಿ ಮತ್ತೆ ಮತ್ತೆ ಒತ್ತಿ ನೋಡಿದಳು. ಪೆಡಲು ನಡುಗಿತು, ಕಾರು ಪಕ್ಕಕ್ಕೆ ಸರಿದು ಸಾಧುವಾಗಿ ನಿಂತಿತು. ಅವಳಿಗೆ ಹಿಗ್ಗೋ ಹಿಗ್ಗು. ಗಂಡನಿಗೆ ಮಾತ್ರ ಹೇಳಲಿಲ್ಲ. ಹೇಳಿದರೆ ಊಟದ ಹೊತ್ತಿಗೆಲ್ಲ ಭಾಷಣ ಕೇಳಬೇಕಿತ್ತು.

ಆರ್ವೊ ಕಾಡಿನಿಂದ ಬಂದ. ಒಂದು ದಿನ ಅವಳ ಕಾರು ತೆಗೆದುಕೊಂಡು ಹೋಗಿ, ಮನೆ ಮುಂದಿನ ಮೆತ್ತನೆ ಹಿಮದಲ್ಲಿ ಬ್ರೇಕು ಹಾಕಿದ. ಪೆಡಲು ಗಡಗಡ ಅಂದಿತು, ಕಾರು ನಿಲ್ಲದೆ ಟಪಾಲು ಡಬ್ಬಿ ದಾಟಿಕೊಂಡು ಹೋಯಿತು. ಅವನ ಪಿತ್ತ ನೆತ್ತಿಗೇರಿತು. ಇಂಥ ದರಿದ್ರ ಬ್ರೇಕಿಟ್ಟುಕೊಂಡು ನನ್ನ ಐಲಿ ಗಣಿ ಗುಡ್ಡ ಇಳಿಯಬೇಕಾ ಅಂತ ಅಲ್ಲೇ ಫ್ಯೂಸ್ ಕಿತ್ತ, ದೀಪಕ್ಕೆ ಟೇಪು ಅಂಟಿಸಿದ. ಅವಳಿಗೆ ತಾನು ಹೇಳಿಕೊಟ್ಟ ಒತ್ತು-ಬಿಡು ಚೆನ್ನಾಗಿ ಗೊತ್ತಿದೆಯಲ್ಲ, ಇನ್ನೇನು ಬೇಕು ಅಂದುಕೊಂಡ. ಅವಳಿಗೂ ಹೇಳಲಿಲ್ಲ, ಬೇಕರಿಯಲ್ಲೂ ಹೇಳಲಿಲ್ಲ. ಹೆಂಡತಿ ಕಾರಿಗೆ ಕದ್ದು ಕೈ ಹಾಕಿದ ಅಂತ ಗೊತ್ತಾದರೆ ಹುಲ್ಡಾ ಅವನನ್ನು ಸುಮ್ಮನೆ ಬಿಡುತ್ತಿದ್ದಳೇ?

ಜನವರಿಯ ಒಂದು ಮಧ್ಯಾಹ್ನ ಆಸ್ಪತ್ರೆಯಿಂದ ಫೋನು ಬಂತು. ಆರ್ವೊ ಕೋಟಿನ ಗುಂಡಿಯನ್ನೂ ಹಾಕಿಕೊಳ್ಳದೆ ಓಡಿದ. ಐಲಿಯ ಎಡ ಮಣಿಕಟ್ಟು ಮುರಿದಿತ್ತು, ಪಕ್ಕೆಲುಬು ಬಿರುಕು ಬಿಟ್ಟಿತ್ತು, ಮುಖವೆಲ್ಲ ನೀಲಿ. ಬಾಗಿಲ ಹೊರಗೆ ಸುಲೊ ನಿಂತಿದ್ದ.

"ದಿಮ್ಮಿ ಲೋಡು ತಗೊಂಡು ಗುಡ್ಡದ ಕೆಳಗಿನ ಅಡ್ಡರಸ್ತೆ ದಾಟ್ತಾ ಇದ್ದೆ ಆರ್ವೊ. ನೋಡಿದ್ರೆ ಮೇಲಿಂದ ಇವಳ ಕಾರು! ಮುಂದಿನ ಚಕ್ರ ಎರಡೂ ಪೂರ್ತಿ ಬಲಕ್ಕೆ ತಿರುಗಿವೆ ಕಣೋ, ನನ್ನ ಕಣ್ಣಾರೆ ನೋಡಿದೆ. ಚಕ್ರ ಬಲಕ್ಕಿದೆ, ಕಾರು ಮಾತ್ರ ನೆಟ್ಟಗೆ ನನ್ನ ಕಡೆ ಬರ್ತಾ ಇದೆ! ಒಂದು ಚಕ್ರವೂ ಉರುಳ್ತಿಲ್ಲ. ನನ್ನ ಲೋಡಿನ ಬಾಲ ಉಜ್ಜಿಕೊಂಡು ಹೋಗಿ ಹಾರ್ಡ್‌ವೇರ್ ಅಂಗಡಿ ಗೋಡೆಗೆ ಬಡಿದ್ಲು. ಒಂದು ಕ್ಷಣ ಮುಂಚೆ ಬಂದಿದ್ರೆ ದಿಮ್ಮಿ ಕೆಳಗೆ ಹೋಗ್ತಿದ್ಲು."

ಕಚ್ಚಿಕೊಂಡ ಚಕ್ರ ಸ್ಟೀರಿಂಗ್ ಮಾತು ಕೇಳುವುದಿಲ್ಲ ಅನ್ನುವುದು ಆರ್ವೊನಿಗೆ ಗೊತ್ತಿಲ್ಲದ ವಿಷಯವೇ? ಆದರೆ ಚಕ್ರ ಕಚ್ಚಿದ್ದು ಹೇಗೆ? ಐಲಿ ಒತ್ತಿ ಬಿಡಬೇಕಿತ್ತಲ್ಲ! ಯಾಕೆ ಬಿಡಲಿಲ್ಲ?

ಅದನ್ನು ಐಲಿಯೇ ಹೇಳಿದಳು, ಮಲಗಿದ್ದಲ್ಲಿಂದಲೇ, ಕಣ್ಣೀರು ಕಿವಿಗೆ ಇಳಿಯುತ್ತಿರಲು. "ಶೆರೀಫ್ ಕಚೇರಿ ಹುಡುಗಿ ಊಟ ಹಂಚೋರಿಗೆಲ್ಲ ಹೇಳಿಕೊಟ್ಟ ಹಾಗೇ ಮಾಡಿದೆ ಆರ್ವೊ. ನಿಂಗೆ ಹೇಳಿರಲಿಲ್ಲ, ನೀವೆಲ್ಲ ಬೇಟೆಗೆ ಹೋಗಿದ್ದಾಗ ಕಲಿತುಕೊಂಡೆ. ಪೂರ್ತಿ ಒತ್ತಿದೆ, ಬಿಡಲಿಲ್ಲ. ಪೆಡಲು ನಡುಗಲೇ ಇಲ್ಲ. ನಾನೇ ಸರಿಯಾಗಿ ಒತ್ತಿಲ್ಲ ಅನ್ಸುತ್ತೆ. ನನ್ನ ಕಾಲಲ್ಲಿ ಬಲ ಇಲ್ಲ. ನೀನು ಹೇಳಿದ್ದೇ ಸರಿ. ನಾನಿನ್ನು ಕಾರು ಮುಟ್ಟಲ್ಲ."

ಆಗಲೇ ಹೇಳಬೇಕಿತ್ತು. ಬಾಯಿ ತೆರೆದ ಕೂಡ. ಬಂದ ಮಾತು, "ಮಲಕ್ಕೋ, ಆಮೇಲೆ ಮಾತಾಡೋಣ." ಛೀ! ಹಿಮದ ಬಿರುಗಾಳಿಗೆ ಎದೆ ಕೊಟ್ಟ ಮನುಷ್ಯ, ಪ್ಲಾಸ್ಟರ್ ಹಾಕಿಕೊಂಡ ಹೆಂಗಸಿನ ಮುಂದೆ ಹೆದರಿಬಿಟ್ಟ.

ಮರುದಿನ ಗ್ಯಾರೇಜಿಗೆ ಹೋಗಿ, ನಜ್ಜುಗುಜ್ಜಾದ ಕಾರಿನಿಂದ ಅವಳ ಚೀಲ, ಚರ್ಚಿನ ಡಬ್ಬಿಗಳನ್ನು ಎತ್ತಿಕೊಂಡ. ಸ್ಟೀರಿಂಗ್ ಮುಂದಿನ ಕಪ್ಪು ಟೇಪು ಅವನನ್ನೇ ನೋಡುತ್ತಿತ್ತು. ಸುತ್ತ ಯಾರಿಲ್ಲ ಅಂತ ಖಾತ್ರಿ ಮಾಡಿಕೊಂಡು ಉಗುರಿನಿಂದ ಎಬ್ಬಿಸಿ, ಉಂಡೆ ಮಾಡಿ, ಹಿಮದಲ್ಲಿ ಎಸೆದ. ಐಲಿ ಮನೆಗೆ ಬಂದಳು. ಕಿಟಕಿ ಹತ್ತಿರ ಕೂತು ಬಲಗಾಲನ್ನು ನೆಲಕ್ಕೆ ಒತ್ತುವಳು, ಎತ್ತುವಳು, ಮತ್ತೆ ಒತ್ತುವಳು. "ನೋಡು, ಬಲವೇ ಇಲ್ಲ," ಅನ್ನುವಳು. ಚರ್ಚಿಗೆ ಫೋನು ಮಾಡಿ ಬೇರೆಯವರನ್ನು ನೋಡಿಕೊಳ್ಳಿ ಅಂತ ತಾನೇ ಹೇಳಿದಳು. ಆರ್ವೊ ಎದುರಿಗೆ ಕೂತು ಕಾಫಿ ಕುಡಿಯುತ್ತಿದ್ದ. ನಾಳೆ ಹೇಳ್ತೀನಿ ಅಂತ ಎಷ್ಟು ನಾಳೆಗಳು ಬಂದು ಹೋದವೋ!

ಕೊನೆಗೆ ಒಂದು ಬೆಳಗ್ಗೆ ಬೇಕರಿಗೆ ಹೋದ. ಹೋಗಬಾರದಿತ್ತು. ಒಳಗೆ ಕಾಲಿಟ್ಟದ್ದೇ ಎಲ್ಲರೂ ಎದ್ದು ಬೆನ್ನು ತಟ್ಟುವವರೇ. "ಮೂರು ವರ್ಷದಿಂದ ಬಡ್ಕೊಂಡ ನೋಡ್ರೋ, ಈ ಕ್ಲಾರೆನ್ಸ್ ಕೇಳಲೇ ಇಲ್ಲ." "ಹೊತ್ತಿಗೆ ಕೈಕೊಡೋ ಆ ಡಬ್ಬಿ ನಂಬಿ ಐಲಿ ಸಾಯೋದ್ರಲ್ಲಿದ್ಲು." ಹುಲ್ಡಾ ಕೂಡ ಅವನ ಮುಂದೆ ಬಿಸಿ ಬ್ರೆಡ್ಡು ಇಟ್ಟಳು. ಆರ್ವೊ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

ಕ್ಲಾರೆನ್ಸ್ ಪಕ್ಕಕ್ಕೆ ಬಂದು ಕೂತ. ಅವನ ಮುಖ ಸಪ್ಪಗಿತ್ತು. "ಸೋತೆ ಕಣೋ ನಾನು. ಇಷ್ಟು ದಿನ ನಿನ್ನ ಹತ್ರ ವಾದ ಮಾಡಿದ್ದಕ್ಕೆ ಕ್ಷಮಿಸಿಬಿಡು. ನಿನ್ನೆ ಡೊಲೋರಿಸ್ ಕಾರಿನ ಫ್ಯೂಸ್ ಕಿತ್ತು ಹಾಕ್ದೆ."

"ಏನು ಮಾಡ್ದೆ?"

"ಫ್ಯೂಸ್ ಕಿತ್ತೆ ಅಂದೆ. ಅವಳಿಗೆ ಹೇಳಿಲ್ಲ, ಸುಮ್ನೆ ಗಾಬರಿ ಆಗ್ತಾಳೆ ಅಂತ."

ಡೊಲೋರಿಸ್ ಅವನ ಹೆಂಡತಿ. ಐಲಿಯ ಜೊತೆಗೇ ಊಟ ಹಂಚುವವಳು. ಆ ಬಯಲಿನಲ್ಲಿ ಐಲಿಯ ಪಕ್ಕದಲ್ಲೇ ಕಾರು ನಿಲ್ಲಿಸಿಕೊಂಡು ಅದೇ ಪಾಠ ಕಲಿತವಳು.

"ಈಗ ಎಲ್ಲಿದ್ದಾಳೆ?" ಆರ್ವೊ ಎದ್ದು ನಿಂತ. ಸ್ಟೂಲು ಹಿಂದಕ್ಕೆ ಉರುಳಿತು.

"ಗುಡ್ಡದ ಮೇಲೆ ತಂಗಿ ಮನೇಲಿ. ಇನ್ನೇನು ಇಳಿದು ಬರ್ತಾಳೆ. ಯಾಕೋ?"

"ಫೋನ್ ಮಾಡು! ಬರಬೇಡ ಅನ್ನು! ಲೋ, ಏಳೋ ಮುಂಡೇದೇ!" ಆರ್ವೊ ಕ್ಲಾರೆನ್ಸನ ಕಾಲರ್ ಹಿಡಿದು ಎಬ್ಬಿಸಿದ. "ಐಲಿ ಕಾರಿನ ಫ್ಯೂಸನ್ನ ನಾನೇ ಕಿತ್ತಿದ್ದೆ! ಕೇಳಿಸ್ತೇನ್ರೋ? ನಾನೇ! ಅವಳಿಗೆ ಹೇಳದೆ! ಅವಳು ಆ ಡಬ್ಬಿ ಇದೆ ಅಂತ ನಂಬಿ ಪೂರ್ತಿ ಒತ್ತಿ ಹಿಡಿದ್ಲು. ಡಬ್ಬಿದಲ್ಲ ತಪ್ಪು, ಅವಳದ್ದಲ್ಲ ತಪ್ಪು! ನಿನ್ನ ಹೆಂಡ್ತೀನೂ ಹಾಗೇ ಒತ್ತುತ್ತಾಳೆ, ಅವಳೂ ಅದನ್ನೇ ಕಲ್ತಿದ್ದಾಳೆ ಕಣೋ!"

ಹುಲ್ಡಾ ಸುರಿಯುತ್ತಿದ್ದ ಕಾಫಿ ಕಪ್ಪು ತುಂಬಿ ಮೇಜಿನ ಮೇಲೆ ಹರಿದರೂ ಅವಳಿಗೆ ಗೊತ್ತಾಗಲಿಲ್ಲ. ಕ್ಲಾರೆನ್ಸ್ ಗಲ್ಲಾದ ಹಿಂದಿನ ಫೋನಿನ ಕಡೆ ಬಿದ್ದು ಎದ್ದು ಓಡಿದ. ನಂಬರು ತಪ್ಪು ಒತ್ತಿದ, ಮತ್ತೆ ಒತ್ತಿದ. ಆ ಕಡೆ ಫೋನು ಬಡಿದುಕೊಂಡಿತು, ಬಡಿದುಕೊಂಡಿತು, ಯಾರೋ ಎತ್ತಿದರು. "ಡೊಲೋರಿಸ್? ಬೂಟು ಹಾಕ್ಕೋತಿದ್ದೀಯಾ? ಬಿಚ್ಚು! ಅಲ್ಲೇ ಕೂತಿರು, ನಾನು ಬರ್ತೀನಿ. ಯಾಕೆ ಅಂತ ಕೇಳ್ಬೇಡ, ಕೂತಿರು!" ಅಂದವನು ರಿಸೀವರ್ ಇಟ್ಟು, ಕೋಟು ಎತ್ತಿಕೊಂಡು ಬಾಗಿಲ ಕಡೆ ಓಡಿದ.

ಆರ್ವೊ ಯಾರ ಮುಖವನ್ನೂ ನೋಡಲಿಲ್ಲ. ಹೊರಗೆ ಬಂದು ಪಿಕಪ್ಪು ಹತ್ತಿದ. ಊರಿಗಿಂತ ಮುಂಚೆ ತಾನೇ ಐಲಿಗೆ ಹೇಳಬೇಕು, ಇವತ್ತಾದರೂ ಅಷ್ಟು ಮರ್ಯಾದೆ ಉಳಿಸಿಕೊಳ್ಳಬೇಕು. ಎಲ್ಲೂ ನಿಲ್ಲಿಸದೆ ಮನೆಗೆ ಹೋದ. ಬಾಗಿಲು ತೆರೆದರೆ ಐಲಿ ಅಡುಗೆಮನೆಯಲ್ಲಿ ನಿಂತಿದ್ದಳು, ಫೋನು ಕಿವಿಯಲ್ಲಿ. ನಮ್ಮೂರ ಫೋನಿಗಿಂತ ಬೇಗ ಓಡುವ ಗಾಡಿ ಇನ್ನೂ ಬಂದಿಲ್ಲ.

ಅವಳು ಫೋನನ್ನು ಎದೆಗೆ ಒತ್ತಿಕೊಂಡು ಕೇಳಿದಳು. "ಹುಲ್ಡಾ ಏನೋ ಹೇಳ್ತಿದ್ದಾಳೆ. ನಿಜಾನಾ?"

ಆರ್ವೊ ಹೌದೆಂದು ತಲೆಯಾಡಿಸಿದ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. "ನಿನ್ನ ಒಳ್ಳೇದಕ್ಕೇ ಅಂತ..." ಅಂದ. ಅಷ್ಟು ಹೇಳಿದ್ದೇ ತಪ್ಪಾಯಿತು.

"ಇಷ್ಟು ದಿನ ನನ್ನ ಕಾಲನ್ನ ನಾನೇ ಬೈಕೊಂಡು ಇಲ್ಲಿ ಕೂತಿದ್ದೆ," ಅಂದಳು ಐಲಿ. ಅವಳ ದನಿ ಏರಲಿಲ್ಲ, ಮುಖ ಮಾತ್ರ ಬಿಳಚಿಕೊಂಡಿತ್ತು. "ಒತ್ತಿ ನೋಡಿದೆ, ಕಣ್ಣೀರು ಹಾಕಿದೆ, ನನ್ನ ಕೆಲಸ ಬಿಟ್ಟೆ. ನೀನು ಎದುರಿಗೇ ಕೂತು ನೋಡ್ತಾ ಇದ್ದೆ. ಫ್ಯೂಸ್ ಕಿತ್ತಿದ್ದು ಬಿಡು ಆರ್ವೊ, ಅದು ನಿನ್ನ ದಡ್ಡತನ. ಆದ್ರೆ ಅದನ್ನ ನೋಡ್ತಾ ನೋಡ್ತಾ ಹೆಂಗೋ ಕಾಫಿ ಕುಡಿದೆ?"

ಅವಳು ಉತ್ತರಕ್ಕೆ ಕಾಯಲಿಲ್ಲ. ಫೋನನ್ನು ಮತ್ತೆ ಕಿವಿಗೆ ಇಟ್ಟುಕೊಂಡಳು.

"ಹುಲ್ಡಾ, ಇದ್ದೀಯಾ? ಚರ್ಚಿನವರಿಗೆ ಹೇಳಿಬಿಡು. ಕೈ ಪ್ಲಾಸ್ಟರ್ ತೆಗೆದ ದಿನದಿಂದ ಊಟದ ಡಬ್ಬಿ ನಾನೇ ತಗೊಂಡು ಹೋಗ್ತೀನಿ. ಹ್ಞೂಂ, ನಾನೇ ಓಡಿಸ್ತೀನಿ. ನನ್ನ ಕಾಲಿಗೆ ಏನೂ ಆಗಿಲ್ಲವಂತೆ."