ಸೂಜಿಗೂ ಬದಲಿ

ಇಚಲಕರಂಜಿಯ ಕಂಪೌಂಡರನ ಪಾಡು ಕೇಳಿ, ಗೆಳೆಯರೇ. ಡಾಕ್ಟರು ಹೇಳಿದವರಿಗೆ ಸೂಜಿ ಹಾಕುವುದು ನನ್ನ ಕೆಲಸ. ಪಕ್ಕದ ಕೊರೋಚಿಯಲ್ಲಿ ಕೂಲಿಗೆ ಮಗ್ಗ ನಡೆಸುವ ಬಸಪ್ಪನಿಗೆ ಕ್ಷಯ. ಇವತ್ತು ಸಿರಿಂಜು ಕುದಿಸಿಟ್ಟು ಅವನಿಗಾಗಿ ಕಾದೆ. ಬಂದವನು ಅವನ ಗಟ್ಟಿಮುಟ್ಟಾದ ತಮ್ಮ. ಬಂದವನೇ ಅಂಗಿಯ ತೋಳು ಮೇಲೇರಿಸಿ ಕೂತ.

"ಅಣ್ಣಗ ಮಗ್ಗ ಬಿಟ್ಟು ಬರಾಕ ಆಗಂಗಿಲ್ರಿ. ಅವನ ಬದಲಿ ನನಗ ಮಾಡ್ರಿ ಸೂಜಿ. ಇಬ್ಬರದೂ ಒಂದ ರಕ್ತ ಐತಿ."

ತಲೆ ಕೆಟ್ಟುಹೋಯಿತು. "ಏ ಹುಚ್ಚಾ, ಸೂಜಿಗೆ ಬದಲಿ ನಡ್ಯಂಗಿಲ್ಲೋ! ನೀ ಮಗ್ಗಕ್ಕ ನಿಲ್ಲು, ಅವನ್ನ ಕಳಸು."

ಅವನು ತಲೆ ತಗ್ಗಿಸಿದ. "ಅಣ್ಣ ಕೆಮ್ಮೂದು ಮಾಲಕಗ ಗೊತ್ತಾಗೇತ್ರಿ. ನಾ ನಿಂತ್ರ ನನ್ನ ಇಟ್ಕೊಂಡು ಅವನ್ನ ತಗದ ಬಿಡ್ತಾನ."

ಕುದಿಸಿದ್ದ ಸಿರಿಂಜನ್ನು ಎತ್ತಿಟ್ಟೆ. ಅವನು ತೋಳು ಇಳಿಸಿಕೊಂಡು ಹೋದ.

ಸಂಜೆ ಡಾಕ್ಟರು ಕೇಳಿದರು: "ಬಸಪ್ಪ ಬಂದಿದ್ನೇನ್ರಿ?"

"ಇಲ್ರಿ ಸಾಹೇಬ್ರ. ಬದಲಿ ಬಂದಿದ್ದ."