ಸಬೀನಾಳ ಫ್ಯಾನು, ನನ್ನ ಮಗಳ ನಿದ್ದೆ

ಗಂಗಾವತಿಯಲ್ಲಿ ನಮ್ಮ ಮನೆಗೂ ಸಬೀನಾಳ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಆ ಕಡೆ ಅವಳ ಕಂಪ್ಯೂಟರ್, ಈ ಕಡೆ ನನ್ನ ಮಗಳ ತೊಟ್ಟಿಲು.

ಸಬೀನಾ ಮದುವೆ ವಿಡಿಯೋಗಳನ್ನು ಕತ್ತರಿಸಿ ಜೋಡಿಸುವವಳು. ತಂದೆಯ ಫೋಟೋ ಸ್ಟುಡಿಯೋ ಮುಚ್ಚಿದಾಗ ಅವರ ಹಳೆಯ ಕ್ಯಾಮೆರಾಗಳನ್ನು ಮಾರಿ ಈ ಕಂಪ್ಯೂಟರನ್ನು ತಾನೇ ಜೋಡಿಸಿಕೊಂಡಿದ್ದಳು. ಕುಷ್ಟಗಿ, ಯಲಬುರ್ಗಾದ ಫೋಟೋಗ್ರಾಫರುಗಳೂ ಅವಳಿಗೇ ಕೆಲಸ ಕಳಿಸುತ್ತಾರೆ. ಹೆಣ್ಣು ಒಪ್ಪಿಸುವಾಗ ತಾಯಿಯ ಮುಖವನ್ನು ಎಷ್ಟು ಹೊತ್ತು ತೋರಿಸಬೇಕೆಂಬುದು ಅವಳಿಗೆ ಗೊತ್ತು. ಲಕ್ವ ಹೊಡೆದು ಮಂಚ ಹಿಡಿದ ತನ್ನ ತಾಯಿ ಹಸನಬೀಯನ್ನು ಬಿಟ್ಟು ಅವಳು ಎಲ್ಲೂ ಹೋಗುವಂತಿಲ್ಲ. ಹಾಗಾಗಿ ಆ ಗೋಡೆ ಪಕ್ಕದ ಮೇಜೇ ಅವಳ ಅಂಗಡಿ.

ಅವಳ ಕಂಪ್ಯೂಟರಿನ ಬಿಸಿಯನ್ನು ಕೊಳವೆಯೊಳಗಿನ ನೀರು ಹೊತ್ತು, ತೆಳು ಪಟ್ಟಿಗಳ ಜಾಲರಿಯಂಥ ರೇಡಿಯೇಟರಿಗೆ ತರುತ್ತದೆ, ಅಲ್ಲಿ ಮೂರು ಫ್ಯಾನುಗಳು ಆರಿಸುತ್ತವೆ. ವಿಡಿಯೋ ತಯಾರಾಗುವಾಗ ಅವು ಇದ್ದಕ್ಕಿದ್ದಂತೆ ಕಿರುಗುಟ್ಟುವುದು, ಸುಮ್ಮನಾಗುವುದು, ಮತ್ತೆ ಕಿರುಗುಟ್ಟುವುದು. ಪ್ರತಿ ಸಲವೂ ಮಗು ಬೆಚ್ಚಿ ಏಳುತ್ತಿತ್ತು. ನಿದ್ದೆ ಸಾಲದ ಮಕ್ಕಳಿಗೆ ಏನೇನಾಗುತ್ತದೆಂದು ಮೊಬೈಲಿನಲ್ಲಿ ಓದಿ ಓದಿ ನನ್ನ ನಿದ್ದೆಯೂ ಹೋಯಿತು. ಹುಬ್ಬಳ್ಳಿಯಲ್ಲಿ ಓದಿ ಬೆಳೆದ ನನಗೆ ಈ ಊರಲ್ಲಿ ಇದ್ದ ಗೆಳತಿ ಅವಳೊಬ್ಬಳೇ. ಆದರೂ ಹೋಗಿ ಹೇಳಿದೆ.

ಬಜಾರದಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ಅವಳ ಅಣ್ಣ ನಜೀಬ ಅಲ್ಲೇ ಕೂತಿದ್ದ.

"ನಾ ಮೊದಲ ಹೇಳೀನಿ, ಮಶೀನ ನನ್ನ ಅಂಗಡ್ಯಾಗ ಇಡೂಣು ಅಂತ. ಅಲ್ಲಿ ಯಾರರ ಕೂತು ಮಾಡ್ತಾರ," ಎಂದ.

"ನನ್ನ ಕೆಲಸ ಯಾರರ ಮಾಡ್ತಾರ? ನಾ ಏನ ಮಾಡ್ಲಿ, ಅಮ್ಮೀ ಮಂಚದ ಕಾಲು ಎಣಿಸ್ಲಿ?" ಎಂದಳು ಸಬೀನಾ.

"ಕೂಸಿನ ನಿದ್ದಿ ಕೆಡಿಸಿ ದುಡಿಯೂದು ಬ್ಯಾಡ. ಶುಕ್ರವಾರ ನಮಾಜ್ ಮುಗಿಸಿ ಆಟೋ ತರ್ತೀನಿ."

ಅವಳ ಅನ್ನಕ್ಕೆ ನಾನೇ ಮಣ್ಣು ಹಾಕಿದೆನೇ ಎನಿಸಿತು. ಮರುದಿನ ಮಗುವನ್ನು ಎತ್ತಿಕೊಂಡು ಮತ್ತೆ ಹೋದೆ. ಸಬೀನಾ ಕಂಪ್ಯೂಟರಿನ ಡಬ್ಬಿ ಬಿಚ್ಚಿದ್ದಳು. ರೇಡಿಯೇಟರಿಗೆ ನೀರು ಸೋಸುವ ಅರಿವೆ ಎರಡು ಪದರು ಕಟ್ಟಿತ್ತು, ಕೊಡದ ಬಾಯಿಗೆ ಕಟ್ಟಿದ ಹಾಗೆ.

"ಮನಿ ಹಿಂದಿನ ಅಕ್ಕಿ ಗಿರಣಿ ತೌಡಿನ ಧೂಳ ಒಳಗ ಹೋಗಬಾರದಂತ ಕಟ್ಟಿದ್ನಿರಿ ಅಕ್ಕಾರ. ಇದರ ಉಸರು ನಾನ ಕಟ್ಟಿಸೀನಿ ನೋಡ್ರಿ."

ಅರಿವೆ ಬಿಚ್ಚಿದಳು. ಧೂಳಿಗೆ ಇನ್ನು ಮೇಲೆ ಬ್ರಷ್ ಎಂದಳು. ಸಪ್ಪಳ ತುಸು ಇಳಿಯಿತು, ಹೋಗಲಿಲ್ಲ. ಬಜಾರದಲ್ಲಿ ಕಂಪ್ಯೂಟರ್ ಸಾಮಾನು ಮಾರುವ ಅಬ್ದುಲರೌಫನಿಂದ ತರಿಸಿದ್ದ ಹೊಸ ಫ್ಯಾನುಗಳನ್ನು ಹಾಕಿದಳು. ಸಪ್ಪಳ ಕಡಿಮೆ, ಗಾಳಿ ಭಾಳ ಎಂದು ಪೆಟ್ಟಿಗೆಯ ಮೇಲೇ ಬರೆದಿತ್ತು. ಕೈಯಲ್ಲಿ ಹಿಡಿದಾಗ ಹೊಳೆದಂಡೆಯ ಗಾಳಿ. ರೇಡಿಯೇಟರಿಗೆ ಜೋಡಿಸಿದ ಮೇಲೆ ಆಚೆ ಬದಿಗೆ ಏನೂ ಬರಲಿಲ್ಲ. ಬಿಸಿ ಏರಿತು, ಅವೂ ಕಿರುಚಿದವು.

"ಹೊಸಾ ಸೊಸಿ ಬಂದಂಗಾತು," ಎಂದಳು ಹಸನಬೀ ಮಂಚದಿಂದ. "ಬರೂ ಮುಂದ ಮೆತ್ತಗ, ಒಲಿ ಮುಂದ ನಿಂತ ಕೂಡ್ಲೆ ಬಾಯಿ."

ನನಗೆ ನಗು ಬರಲಿಲ್ಲ. "ಸೊಳ್ಳಿ ಪರದಿಯೊಳಗೂ ಹಿಂಗ ಆಗತೈತಿ," ಎಂದೆ. "ಮ್ಯಾಲ ಫ್ಯಾನ್ ಜೋರ ತಿರಗತೈತಿ, ಒಳಗ ಕೂಸಿಗೆ ಬೆವರು. ಗಾಳಿ ಪರದಿಗೆ ಬಡದು ಹೊಳ್ಳಿ ಹೋಗತೈತಿ."

ಸಬೀನಾ ರೇಡಿಯೇಟರಿನ ಒತ್ತೊತ್ತಾದ ತೆಳು ಪಟ್ಟಿಗಳನ್ನು ನೋಡುತ್ತಲೇ ಕೂತಳು. "ಇದೂ ಪರದೀನ ಅಲ್ಲೇನ್ರಿ," ಎಂದು ಫೋನ್ ಎತ್ತಿದಳು. "ರೌಫಕಾಕಾ, ಗಾಳಿ ಎಷ್ಟು ಅಂತ ಕೇಳಂಗಿಲ್ಲ ಈ ಸಲ. ಎಷ್ಟು ಒತ್ತಿ ನೂಕತೈತಿ ಅದನ್ನ ಹೇಳ್ರಿ. ಸಾವಕಾಶ ತಿರುಗಿದ್ರೂ ಸಂದ್ಯಾಗ ನುಗ್ಗಬೇಕು."

ರೌಫ ಬದಲಿಸಿ ಕಳಿಸಿದ ಫ್ಯಾನುಗಳ ಎಲೆಗಳು ಅಗಲವಾಗಿದ್ದವು, ಎಲೆಗಳ ನಡುವೆ ಸಂದು ಕಡಿಮೆ. ಕಿರುಗುಟ್ಟುವುದು ನಿಂತಿತು. ಆದರೆ ಸಪ್ಪಳ ಏರಿಳಿಯುವುದು ನಿಲ್ಲಲಿಲ್ಲ. ಮಗುವೂ ಏಳುತ್ತಲೇ ಇತ್ತು. ನಾಳೆ ಶುಕ್ರವಾರ.

"ಅಲ್ರಿ ಅಕ್ಕಾರ, ಹಿಂದಿನ ಗಿರಣಿ ದಿನಾ ಗುಡುಗತೈತಿ. ಅದಕ್ಕ ಯಾಕ ಕೂಸು ಏಳಂಗಿಲ್ಲ?"

ಇಷ್ಟೆಲ್ಲ ಓದಿದ್ದೆ, ಇದು ಹೊಳೆದಿರಲಿಲ್ಲ. "ಅದು ಒಂದ ಸಮ ಇರ್ತೈತಿ," ಎಂದೆ.

ಅವಳು ಸೆಟ್ಟಿಂಗ್ ತೆರೆದಳು. ಕಂಪ್ಯೂಟರಿನೊಳಗಿನ ಚಿಪ್ ಕ್ಷಣ ಕ್ಷಣಕ್ಕೂ ಕಾದು ಆರುತ್ತದೆ, ಫ್ಯಾನುಗಳು ಅದರ ಬಿಸಿಯ ಹಿಂದೆ ಓಡುತ್ತಿದ್ದವು. ಇನ್ನು ನೀರಿನ ಬಿಸಿ ನೋಡಿ ತಿರುಗುವಂತೆ ಮಾಡಿದಳು. ನೀರು ಕಾಯುವುದೂ ನಿಧಾನ, ಆರುವುದೂ ನಿಧಾನ.

"ನೀರು ಮಾತಮಾತಿಗೆ ಗಾಬರಿ ಆಗಂಗಿಲ್ರಿ," ಎಂದು ನನ್ನ ಮುಖ ನೋಡಿ ನಕ್ಕಳು.

ಶುಕ್ರವಾರ ಮಧ್ಯಾಹ್ನ ಮಗುವನ್ನು ನಮ್ಮ ಮನೆಯ ತೊಟ್ಟಿಲಲ್ಲಿ ಅಲ್ಲ, ಕಂಪ್ಯೂಟರಿನ ಬದಿಗೇ, ಹಸನಬೀಯ ಮಂಚದ ಮೇಲೆ ಮಲಗಿಸಿದೆ. ಯಲಬುರ್ಗಾದ ದೊಡ್ಡ ಮದುವೆಯೊಂದರ ವಿಡಿಯೋ ತಯಾರಾಗುತ್ತಿತ್ತು. ಬಾಗಿಲಲ್ಲಿ ಆಟೋ ನಿಂತಿತು.

ನಜೀಬ ಒಳಗೆ ಬಂದ. "ಬಂದ್ ಮಾಡಿ ಇಟ್ಟೀ? ಛಲೋ ಆತು. ವೈರ್ ತಗಿ."

ಸಬೀನಾ ಅವನ ಮುಂಗೈ ಹಿಡಿದು ರೇಡಿಯೇಟರಿನ ಹಿಂದೆ ಇಟ್ಟಳು. ಬೆಚ್ಚಗಿನ ಗಾಳಿ ಒಂದೇ ಸಮನೆ ಬರುತ್ತಿತ್ತು. ಅವನು ಕೈ ನೋಡಿಕೊಂಡ, ಕಂಪ್ಯೂಟರಿನ ಪರದೆ ನೋಡಿದ, ಮಗುವನ್ನು ನೋಡಿದ.

"ನಡದೈತೇನ ಇದು?" ಎಂದ, ಎಂದಿನ ಗಟ್ಟಿ ದನಿಯಲ್ಲೇ.

"ಮೆಲ್ಲಕ ಮಾತಾಡೋ," ಎಂದಳು ಹಸನಬೀ. "ಈ ಮನ್ಯಾಗ ಈಗ ನಿಂದ ಸಪ್ಪಳ."

ಮಗು ಮಿಸುಕಲಿಲ್ಲ. ನಜೀಬ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಹೊರಗೆ ನಡೆದ. ಆಟೋ ಖಾಲಿ ಹೋಯಿತು.

ನಾನು ಯಾವಾಗಲೂ ಮಾಡುವಂತೆ ಮಗುವಿನ ಮೂಗಿನ ಕೆಳಗೆ ಬೆರಳು ಹಿಡಿದು ಉಸಿರು ನೋಡಿದೆ. ಆಮೇಲೆ, ಯಾಕೋ ಏನೋ, ಅದೇ ಕೈಯನ್ನು ರೇಡಿಯೇಟರಿನ ಹಿಂದೆಯೂ ಹಿಡಿದೆ.

"ಎರಡೂ ನಡದಾವ್ರಿ ಅಕ್ಕಾರ," ಎಂದಳು ಸಬೀನಾ. "ಕೂಡ್ರಿ, ಚಾ ಮಾಡ್ತೀನಿ."